ಚಿಂಚ ಗಲ್ಲಿಯ ಹಲಗೆಗಳು

ಅಂಗಡಿಯೂ ಹೊಟ್ಟೆಯೂ ಒಂದೇ ಜಾತಿಯವು ಎಂದು ನನ್ನ ಅನುಭವ. ಎರಡೂ ಯಜಮಾನನಿಗೆ ಗೊತ್ತಾಗದ ಹಾಗೆ ಮುಂದಕ್ಕೆ ಬರುತ್ತವೆ. ಪಕ್ಕದವನದು ಬಂದಾಗ ಥಟ್ಟನೆ ಕಣ್ಣಿಗೆ ಬೀಳುತ್ತದೆ; ನಮ್ಮದು ಬಂದಾಗ ಮಾತ್ರ ಮೊದಲಿನ ಹಾಗೇ ಇದೆಯಲ್ಲ ಅನ್ನಿಸುತ್ತದೆ. ಹೊಟ್ಟೆಯ ವಿಷಯದಲ್ಲಿ ಕನ್ನಡಿಯೋ ಹೆಂಡತಿಯೋ ಎಂದಾದರೊಂದು ದಿನ ನಿಜ ಹೇಳುವುದುಂಟು. ಅಂಗಡಿಗೆ ಅಂಥ ಆಪ್ತರು ಯಾರೂ ಇಲ್ಲ. ಹೀಗಾಗಿ ಪುಣೆಯ ನಮ್ಮ ಚಿಂಚ ಗಲ್ಲಿಯಲ್ಲಿ ಎರಡೂ ಸಾಲಿನ ಅಂಗಡಿಗಳು ಬೆಳೆದು ಬೆಳೆದು, ನಡುವೆ ಗಲ್ಲಿ ಎಂಬುದು ಹೆಸರಿಗಷ್ಟೇ ಉಳಿದಿತ್ತು. ಹೆಸರೂ ಪೂರ್ತಿ ನಿಜವಲ್ಲ. ಚಿಂಚ ಅಂದರೆ ಮರಾಠಿಯಲ್ಲಿ ಹುಣಸೆ. ಹುಣಸೆಮರ ಅಲ್ಲಿ ಯಾರ ಕಾಲಕ್ಕೆ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿತ್ತು ಎಂದು ಹಿರಿಯರನ್ನು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಡೆ ಬೆರಳು ತೋರಿಸುತ್ತಿದ್ದರು. ಆದರೆ ಯಾರೂ ತಮ್ಮ ಅಂಗಡಿಯ ಮುಂದೆ ಇತ್ತು ಎಂದು ಮಾತ್ರ ಹೇಳುತ್ತಿರಲಿಲ್ಲ.

ನಾನು ಧಾರವಾಡದಿಂದ ಅಲ್ಲಿಗೆ ಬಂದು ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣಗಳ ಅಂಗಡಿ ಇಟ್ಟವನು. ಪುಣೆಯ ಹೆಂಗಸರಿಗೆ ನಮ್ಮ ಕಡೆಯ ಖಣವೆಂದರೆ ಪ್ರಾಣ. ಗೌರಿ ಹಬ್ಬಕ್ಕೆ, ಸೀಮಂತಕ್ಕೆ, ಮದುವೆಯ ಉಡಿ ತುಂಬುವುದಕ್ಕೆ ಅದು ಬೇಕೇ ಬೇಕು. ಎದುರಿನ ಅಂಗಡಿ ಬಾಪೂರಾಯರದು. ತಾಮ್ರ ಹಿತ್ತಾಳೆಯ ಹಂಡೆ, ಕೊಡ, ತಂಬಿಗೆಗಳ ವ್ಯಾಪಾರ. ಅವರು ಪುಣೆಯವರೇ ಆದರೂ ತಾಯಿ ಬೆಳಗಾವಿಯ ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಗಿರಾಕಿಗಳನ್ನು ಮರಾಠಿಯಲ್ಲಿ ಗದರುತ್ತಿದ್ದರು, ನನ್ನನ್ನು ಕನ್ನಡದಲ್ಲಿ. ಪರದೇಶದಲ್ಲಿ ತಾಯಿನುಡಿಯಲ್ಲಿ ಬೈಸಿಕೊಳ್ಳುವುದೂ ಒಂದು ಸುಖವೇ ಎಂದು ಮೊದಮೊದಲು ನಾನು ಅದನ್ನು ಸಂತೋಷದಿಂದಲೇ ಸ್ವೀಕರಿಸಿದೆ.

ಮೊದಲು ಯಾರು ಹಲಗೆ ಹಾಕಿದರು ಎಂಬುದು ಚರಿತ್ರಕಾರರಿಗೆ ಬಿಟ್ಟ ಮಾತು. ಹೊಸ್ತಿಲ ಮುಂದಿನ ಗಟಾರದ ಮೇಲೆ ಒಂದು ಹಲಗೆ ಹಾಸಿ ನಾನು ನಾಲ್ಕು ಖಣ ಇಟ್ಟೆ. ಬಾಪೂರಾಯರು ತಮ್ಮ ಗಟಾರದ ಮೇಲೆ ಹಲಗೆ ಹಾಸಿ ಕೊಡಗಳನ್ನು ಜೋಡಿಸಿದರು. ಕೊಡಗಳ ಥಳಥಳದಲ್ಲಿ ನನ್ನ ಖಣಗಳು ಮಂಕಾಗಿ ಕಾಣುತ್ತವೆ ಎಂದು ನಾನು ಇನ್ನೊಂದು ಹಲಗೆ ಮುಂದಕ್ಕೆ ಚಾಚಿದೆ. ಅವರು ಹಂಡೆಗಳನ್ನು ಹೊರತಂದರು. ನಾನು ಬೊಂಬು ಕಟ್ಟಿ ಸೀರೆ ಇಳಿಬಿಟ್ಟೆ. ಇಡೀ ಗಲ್ಲಿಯ ತುಂಬ ಇದೇ ನಡೆದಿತ್ತು. ಕಡೆಗೆ ಮಳೆಗಾಲದಲ್ಲಿ ಕೊಡೆ ಹಿಡಿದು ಬಂದವರು ಕೊಡೆ ಮಡಚಿ, ನೆನೆಯುತ್ತ ನಮ್ಮ ಗಲ್ಲಿ ದಾಟಬೇಕಾಯಿತು. ಹೆಂಗಸರು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಬೇಕು. ಇದರಿಂದ ವ್ಯಾಪಾರಕ್ಕೆ ಬಿದ್ದ ಪೆಟ್ಟು ಗಂಡಸರಿಗೆ ತಿಳಿಯಲಾರದು. ಲೋಕದಲ್ಲಿ ಯಾವ ಹೆಂಗಸೂ ಒಬ್ಬಳೇ ಖಣ ಕೊಂಡದ್ದಿಲ್ಲ. ಪಕ್ಕದಲ್ಲಿ ನಾದಿನಿಯೋ ಓರಗಿತ್ತಿಯೋ ನಿಂತು, ಈ ಬಣ್ಣ ಬೇಡ, ಆ ಅಂಚು ನೋಡು ಎನ್ನದೆ ಖಣ ಕತ್ತರಿಸಿಕೊಡುವ ಹಾಗಿಲ್ಲ. ನಾದಿನಿ ಬೆನ್ನ ಹಿಂದೆ ಉಳಿದುಬಿಟ್ಟರೆ ಅಭಿಪ್ರಾಯ ಹೇಳುವುದು ಯಾರಿಗೆ?

ಇದಕ್ಕಿಂತ ದೊಡ್ಡ ಕಷ್ಟ ಹಲಗೆಗಳ ಕೆಳಗಿತ್ತು. ಗಟಾರ ಮುಚ್ಚಿಹೋಗಿದ್ದರಿಂದ ಬಳಿಯುವವರ ಪೊರಕೆ ಒಳಗೆ ಹೋಗುತ್ತಿರಲಿಲ್ಲ. ಮಳೆ ಬಂತೆಂದರೆ ಕೊಳಚೆ ಉಕ್ಕಿ ಗಲ್ಲಿಯ ನಡುವೆ ಹರಿಯುತ್ತಿತ್ತು. ಆ ವಾಸನೆಯನ್ನು ವರ್ಣಿಸುವುದು ಸಭ್ಯರ ಕೆಲಸವಲ್ಲ. ಅಷ್ಟರಲ್ಲಿ ಪೇಟೆಯ ಆಚೆ ಹೊಸ ರಸ್ತೆ ಅಗಲವಾಗಿ ಸಿದ್ಧವಾಗಿ, ಅಲ್ಲಿ ಅಂಗಡಿಗಳು ಏಳುತ್ತಿದ್ದವು. ಭೋರ್, ಸಾಸವಡದಿಂದ ಮದುವೆಯ ಜವಳಿಗೆಂದು ಬರುತ್ತಿದ್ದ ನಮ್ಮ ಹಳೇ ಗಿರಾಕಿಗಳು ಗಲ್ಲಿಯ ಬಾಯಲ್ಲಿ ಒಂದು ಸಲ ಮೂಗು ಮುಚ್ಚಿಕೊಂಡು ನಿಂತು, ಯೋಚಿಸಿ, ಆ ಕಡೆಗೇ ತಿರುಗಿ ಹೋಗತೊಡಗಿದರು. ನಾನು ಬೆಳಗಿನಿಂದ ಸಂಜೆಯ ತನಕ ಮಡಚಿದ ಸೀರೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತ ಕೂಡುವಂತಾಯಿತು.

ಸುದ್ದಿ ಧಾರವಾಡಕ್ಕೆ ಮುಟ್ಟಿತು. ಅಲ್ಲಿ ನನ್ನ ಮಾವನವರದು ಹತ್ತಿಯ ಅಡತಿ, ಅಂದರೆ ದಲಾಲಿಯ ಅಂಗಡಿ. ದೀಪಾವಳಿಯ ತನಕ ನೋಡೋಣ, ಆಗದಿದ್ದರೆ ಅಳಿಯಂದಿರು ಅಂಗಡಿ ಮುಚ್ಚಿ ಬಂದು ನಮ್ಮ ಗಾದಿಯ ಮೇಲೆ ಕೂಡಲಿ, ನಾನೇ ಕೆಲಸ ಕಲಿಸುತ್ತೇನೆ ಎಂದು ಹೇಳಿ ಕಳಿಸಿದರು. ಮಾವನವರು ಒಳ್ಳೆಯವರು. ಆದರೆ ಅವರ ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ಆಗಲೇ ಆ ಗಾದಿಯ ಮೇಲೆ ಕೂತಿದ್ದ. ಮದುವೆಗೆ ಮುಂಚೆ ನಾಟಕದಲ್ಲಿ ಪಾತ್ರ ಕಟ್ಟಿ ಗುಡುಗುತ್ತಿದ್ದವನು, ಗಾದಿ ಏರಿದ ಮೇಲೆ ಒಂದು ವಾಕ್ಯವನ್ನು ಪೂರ್ತಿ ಮಾಡಿದ್ದನ್ನು ನಾನು ಕೇಳಿಲ್ಲ. ಅವನು ಶುರು ಮಾಡುತ್ತಿದ್ದ, ಮಾವನವರು ಮುಗಿಸುತ್ತಿದ್ದರು. ನನಗೆ ನಿದ್ದೆ ಹತ್ತದಾಯಿತು.

ಇದೇ ಹೊತ್ತಿಗೆ ವಾಸುದೇವ ಭಟ್ಟರು ಮಂಡಳಿಯ ಮಾತೆತ್ತಿದ್ದು. ಭಟ್ಟರು ಉಡುಪಿಯ ಕಡೆಯವರು. ಗಲ್ಲಿಯ ನಡುವೆ ಅವರದೊಂದು ಹೋಟೆಲು. ನಾವು ಬಟ್ಟೆ, ಪಾತ್ರೆಯವರು ವಾಸನೆಯನ್ನು ಹೇಗೋ ತಡೆದುಕೊಳ್ಳಬಹುದು. ಇಡ್ಲಿ ತಿನ್ನುವವನು ತಡೆದುಕೊಳ್ಳುವುದು ಹೇಗೆ? ಅವರು ನಮ್ಮನ್ನೆಲ್ಲ ಒಂದು ಮಧ್ಯಾಹ್ನ ಕರೆದು ಕೂಡಿಸಿ ಹೇಳಿದರು: "ಒಬ್ಬೊಬ್ಬರೇ ಬೈದರೆ ಯಾರಿಗೂ ಕೇಳುವುದಿಲ್ಲ ಮಾರಾಯ್ರೆ. ಒಟ್ಟಿಗೆ ಬೈದರೆ ಮುನಸಿಪಾಲ್ಟಿಗೆ ಕೇಳೀತು. ನಾವೊಂದು ವ್ಯಾಪಾರಿಗಳ ಮಂಡಳಿ ಮಾಡುವ."

ಅಂದು ಉಪ್ಪಿಟ್ಟು ಧರ್ಮಾರ್ಥವಾಗಿದ್ದುದರಿಂದ ಸಭೆ ತುಂಬಿತ್ತು, ಮಂಡಳಿ ಅವಿರೋಧವಾಗಿ ಹುಟ್ಟಿತು. ಬಾಪೂರಾಯರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಮಾಡದಿದ್ದರೆ ಅವರು ಬರುವವರಲ್ಲ. ನಾನು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದೆ. ಗಲ್ಲಿಗೆ ದೀಪದ ಕಂಬ ಬೇಕು, ಗಟಾರಕ್ಕೆ ಕಲ್ಲಿನ ಮುಚ್ಚಿಗೆ ಬೇಕು, ದಾರಿಗೆ ಹಾಸಲು ಮುರುಮು ಕಲ್ಲುಮಣ್ಣು ಬೇಕು ಎಂದು ನಾವೆಲ್ಲ ಒಟ್ಟಾಗಿ ಹೋಗಿ ಮುನಸಿಪಾಲಿಟಿಯ ಬಾಗಿಲಲ್ಲಿ ನಿಂತೆವು. ಭಟ್ಟರ ಮಾತು ನಿಜವಾಯಿತು. ಒಬ್ಬ ಮೇಲ್ವಿಚಾರಕರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಗಲ್ಲಿಗೆ ಬಂದೇ ಬಂದರು. ಕೇಳಿದ್ದೆಲ್ಲ ಕೊಡುತ್ತೇವೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆದರೆ ದುರಸ್ತಿ ಮಾಡುವುದಕ್ಕೆ ಮುಂಚೆ ಗಟಾರ ಎಂಬುದು ಕಣ್ಣಿಗೆ ಕಾಣಬೇಕಲ್ಲ, ಮೊದಲು ನೀವು ಹಲಗೆಗಳನ್ನು ತೆಗೆಯಿರಿ, ಆಮೇಲೆ ನಮ್ಮ ಜನ ಬರುತ್ತಾರೆ ಎಂದು ಹೇಳಿ, ಉಸಿರು ಬಿಗಿಹಿಡಿದು ಹೊರಟುಹೋದರು.

ಹಲಗೆ ತೆಗೆಯಬೇಕೆಂದು ಮಂಡಳಿ ಒಮ್ಮತದಿಂದ ಠರಾವು ಮಾಡಿತು. ಯಾರು ಮೊದಲು ತೆಗೆಯಬೇಕೆಂಬುದನ್ನು ಠರಾವಿನಲ್ಲಿ ಹೇಳಿರಲಿಲ್ಲ. ನಾನು ತೆಗೆದು, ಎದುರಿನವರು ತೆಗೆಯದಿದ್ದರೆ? ಅವರ ಹಂಡೆಗಳು ನನ್ನ ಹೊಸ್ತಿಲಿಗೇ ಬಂದು ಕೂತಾವು. ಅವರಿಗೂ ನನ್ನ ಸೀರೆಗಳ ಬಗ್ಗೆ ಅದೇ ಅನುಮಾನ.

"ಕಾರ್ಯದರ್ಶಿ ಅಂದ್ರ ಮುಂದ ನಡಿಯಾಂವ," ಎಂದರು ಬಾಪೂರಾಯರು. "ನೀವು ಮೊದಲ ತಗೀರಿ ಅಪ್ಪಾಸಾಹೇಬ್ರ, ನಿಮ್ಮ ಹಿಂದ ನಾವು ಬರ್ತೀವಿ."

"ಅಧ್ಯಕ್ಷರನ್ನ ಹಿಂದ ಬಿಟ್ಟು ನಾ ಮುಂದ ಹೋದ್ರ ಮರ್ಯಾದಿ ಅಲ್ಲರಿ," ಎಂದೆ ನಾನು.

ಈ ಮರ್ಯಾದೆಯಲ್ಲೇ ಮಳೆಗಾಲದ ಬಹುಭಾಗ ಕಳೆಯಿತು. ಒಮ್ಮೆ ಭಟ್ಟರು ಒಂದು ಉಪಾಯ ಹೂಡಿದರು. ಗಲ್ಲಿಯ ತುದಿಯ ಮಾರುತಿ ಗುಡಿಯಲ್ಲಿ ಮಧ್ಯಾಹ್ನದ ಆರತಿಗೆ ಗಂಟೆ ಬಾರಿಸಿದ ಕೂಡಲೆ ಎಲ್ಲರೂ ಒಟ್ಟಿಗೆ ಹಲಗೆ ಎತ್ತಬೇಕು. ಮೊದಲಿಗರು ಎಂಬ ಮಾತೇ ಬೇಡ. ಎಲ್ಲರೂ ತಂತಮ್ಮ ಹಲಗೆಯ ಅಂಚು ಹಿಡಿದು ಬಗ್ಗಿ ನಿಂತೆವು. ಗಂಟೆ ಬಾರಿಸಿತು. ನಾನು ನನ್ನ ತುದಿಯನ್ನು ತುಸು ಎತ್ತಿ ಬಾಪೂರಾಯರನ್ನು ನೋಡಿದೆ. ಅವರು ತಮ್ಮದನ್ನು ಅಷ್ಟೇ ಎತ್ತಿ ನನ್ನನ್ನು ನೋಡುತ್ತಿದ್ದರು. ಪೂಜಾರಿ ಈ ವಿಷಯ ತಿಳಿದವನಾದ್ದರಿಂದ ಅಂದು ಎಂದಿಗಿಂತ ಹೆಚ್ಚು ಹೊತ್ತು ಬಾರಿಸಿದ, ಪಾಪ. ಗಂಟೆ ನಿಂತಿತು. ಎರಡೂ ಸಾಲಿನವರು ಹಲಗೆಗಳನ್ನು ನಿಧಾನವಾಗಿ ಕೆಳಗಿಟ್ಟು, ಸೊಂಟ ನೀವಿಕೊಂಡು ಒಳಗೆ ಹೋದೆವು. ಆಮೇಲೆ ಕೆಲವು ದಿನ ನಾನೂ ಬಾಪೂರಾಯರೂ ಬೈದಾಡುವುದನ್ನೂ ಬಿಟ್ಟೆವು.

ಗೌರಿ ಹಬ್ಬ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಾನು ಗಲ್ಲಿಗಿಳಿದು, ಬೊಂಬಿಗೆ ಹಬ್ಬದ ಖಣಗಳನ್ನು ತೂಗು ಹಾಕುತ್ತಿದ್ದೆ. ಬಾಪೂರಾಯರ ಅಂಗಡಿಯ ಮೇಲೆಯೇ ಅವರ ಮನೆ. ಸೊಸೆ ಸುಶೀಲಾಗೆ ದಿನ ತುಂಬಿತ್ತು, ಮೊದಲ ಹೆರಿಗೆ. ಹಿಂದಿನ ದಿನದಿಂದ ಬೇನೆ ತಿನ್ನುತ್ತಿದ್ದಾಳೆ ಎಂದು ನನ್ನ ಹೆಂಡತಿ ನೀಲವ್ವ ಹೇಳಿದ್ದಳು. ಬೆಳಗಾದ ಮೇಲೆ ಸೂಲಗಿತ್ತಿ ಕೈಚೆಲ್ಲಿ, ಕೂಸು ಅಡ್ಡ ತಿರುಗಿದೆ, ನನ್ನಿಂದಾಗದು, ಡಾಕ್ಟರನ್ನು ಕರೆಸಿರಿ ಎಂದಳು. ಬಾಪೂರಾಯರ ಮಗ ಓಡಿಹೋಗಿ ಒಬ್ಬ ಡಾಕ್ಟರಬಾಯಿಯವರನ್ನು ಟಾಂಗಾದಲ್ಲಿ ಕರೆತಂದ. ಟಾಂಗಾ ಗಲ್ಲಿಯ ಬಾಯಲ್ಲೇ ನಿಂತಿತು. ಕುದುರೆ ಸಹ ಒಳಗೆ ಮುಖ ಹಾಕಲೊಲ್ಲದು. ಡಾಕ್ಟರಬಾಯಿ ಸೀರೆಯ ನೆರಿಗೆ ಎತ್ತಿಹಿಡಿದು, ಆ ಕೊಳಚೆಯಲ್ಲೇ ಕಾಲಿಟ್ಟು, ನನ್ನ ಖಣ, ಬಾಪೂರಾಯರ ಹಂಡೆಗಳ ನಡುವೆ ಓರೆಯಾಗಿ ನುಸುಳಿ ಮೇಲೆ ಹೋದರು. ಸ್ವಲ್ಪ ಹೊತ್ತಿಗೇ ಇಳಿದು ಬಂದು, ಇದು ಮನೆಯಲ್ಲಿ ಆಗುವ ಹೆರಿಗೆಯಲ್ಲ, ಈಗಿಂದೀಗ ಆಸ್ಪತ್ರೆಗೆ ಒಯ್ಯಬೇಕು, ಟಾಂಗಾ ಬಾಗಿಲಿಗೆ ಬರಲಿ ಎಂದರು.

ಟಾಂಗಾ ಬರುವುದೆಲ್ಲಿಂದ? ಮಂಚದ ಮೇಲೆ ಮಲಗಿಸಿ ಹೊತ್ತೊಯ್ಯೋಣವೆಂದು ಯಾರೋ ಅಂದರು. ಮಂಚವನ್ನು ಹೊರಗೆ ತಂದದ್ದಾಯಿತು. ಹೊರುವವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಬರಿಯ ಮಂಚವೇ ಈ ಹಲಗೆಗೂ ಆ ಹಲಗೆಗೂ ನಡುವೆ ಸಿಕ್ಕಿಕೊಂಡು ನಿಂತಿತು. ಮೇಲಿನಿಂದ ಆ ಹುಡುಗಿಯ ನರಳಾಟ ಕೇಳುತ್ತಿತ್ತು. ಡಾಕ್ಟರಬಾಯಿ ಬೈಯಲಿಲ್ಲ. ಈ ಹಲಗೆಗಳು ಯಾರವು ಎಂದು ಮಾತ್ರ ಕೇಳಿದರು.

ನಾನು ಬಾಪೂರಾಯರ ಮುಖ ನೋಡಿದೆ. ಅಷ್ಟು ದಿನ ನನ್ನನ್ನು ಗದರಿಸಿದ ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರೂ ನನ್ನ ಮುಖ ನೋಡಿದರು. ಆಮೇಲೆ ನಡೆದದ್ದು ನಗುವಂಥದು, ಆದರೆ ಆಗ ಯಾರಿಗೂ ನಗು ಬರಲಿಲ್ಲ. ನಾನು ಕೈಗೆ ಸಿಕ್ಕ ಹಾರೆ ಹಿಡಿದು ಅವರ ಹಲಗೆಯ ಮೇಲೆ ಬಿದ್ದೆ. ಅವರು ಕಬ್ಬಿಣದ ಸರಳು ಹಿಡಿದು ನನ್ನ ಹಲಗೆಯ ಮೇಲೆ ಬಿದ್ದರು. ತಂತಮ್ಮದನ್ನು ಕೀಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಹಾಗಾದದ್ದೇ ಒಳ್ಳೆಯದಾಯಿತು. ಇಷ್ಟು ಕಾಲ ಒಬ್ಬರ ಹಲಗೆಯನ್ನೊಬ್ಬರು ಹೊಟ್ಟೆಯುರಿಯಿಂದ ನೋಡಿ ನೋಡಿ, ಎಲ್ಲಿ ಮೊಳೆಯಿದೆ, ಎಲ್ಲಿ ಕಲ್ಲು ಕೊಟ್ಟಿದ್ದಾರೆ ಎಂಬುದು ಯಜಮಾನನಿಗಿಂತ ಎದುರಿನವನಿಗೇ ಚೆನ್ನಾಗಿ ಗೊತ್ತಿತ್ತು. ಒಂದೊಂದು ಮೀಟಿಗೆ ಒಂದೊಂದು ಹಲಗೆ ಎದ್ದಿತು. ನೀಲವ್ವ ಖಣಗಳನ್ನು ಮಡಿಲಲ್ಲಿ ತುಂಬಿಕೊಂಡು ಒಳಗೆ ಎಸೆದಳು. ಹಂಡೆಗಳು ಉರುಳುವ ಸದ್ದಿಗೆ ಗಲ್ಲಿಯೆಲ್ಲ ಹೊರಗೆ ಬಂತು. ಯಾರೂ ಯಾರಿಗೂ ಹೇಳಲಿಲ್ಲ. ಭಟ್ಟರು ಬೆಂಚುಗಳನ್ನು ಒಳಗೆ ಎಳೆದರು. ಬಳೆಯವರು, ಕಿರಾಣಿಯವರು, ಕಬ್ಬಿಣದವರು, ಎಲ್ಲರೂ ತಮ್ಮದೋ ನೆರೆಯವರದೋ ನೋಡದೆ ಕಿತ್ತರು. ಮಾರುತಿ ಗುಡಿಯಿಂದ ಗಲ್ಲಿಯ ಬಾಯಿಯ ತನಕ ದಾರಿ ಬಿಚ್ಚಿಕೊಂಡಿತು. ಟಾಂಗಾ ಬಾಗಿಲಿಗೆ ಬಂತು. ಸುಶೀಲಾಳನ್ನು ಎತ್ತಿ ಮಲಗಿಸಿದರು. ಡಾಕ್ಟರಬಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತರು. ಕುದುರೆ ಗುಡಿಯ ಕಡೆಯಿಂದ ಹೊರಬಿದ್ದು ಓಡಿತು.

ಟಾಂಗಾ ಮರೆಯಾದ ಮೇಲೆ ನಾವೆಲ್ಲ ಗಲ್ಲಿಯ ನಡುವೆ ಕೈಯಲ್ಲಿ ಹಾರೆ ಹಿಡಿದು ನಿಂತಿದ್ದೆವು. ಆಗ ಮೊದಲ ಬಾರಿಗೆ ನಮ್ಮ ಗಲ್ಲಿಯನ್ನು ನೋಡಿದೆವು. ಇಷ್ಟು ಅಗಲವೇ? ಬಾಪೂರಾಯರ ಅಂಗಡಿ ಎಷ್ಟೋ ದೂರ ಇದ್ದ ಹಾಗೆ ಕಂಡಿತು. ಅವರು ತಮ್ಮ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕುದುರೆ ಭಾಳ ಚಲೋ ಇತ್ತರಿ ಎಂದೆ. ಅವರು ಹೌದೆಂದು ತಲೆಯಾಡಿಸಿದರು. ಭಟ್ಟರು ತಾವೇ ಚಹಾ ತಂದುಕೊಟ್ಟರು. ಅಂದು ಗಲ್ಲಿಯಲ್ಲಿ ಯಾರೂ ವ್ಯಾಪಾರದ ಮಾತಾಡಲಿಲ್ಲ.

ಇಳಿಹೊತ್ತಿಗೆ ಬಾಪೂರಾಯರ ಮಗ ಆಸ್ಪತ್ರೆಯಿಂದ ಓಡುತ್ತ ಬಂದ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಉಳಿದಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರಬಾಯಿ ಅಂದರಂತೆ. ಪುಣೆಯಲ್ಲಿ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಬರ್ಫಿ ಹಂಚುವುದು ರೂಢಿ. ಬಾಪೂರಾಯರು ಎರಡನ್ನೂ ತರಿಸಿ ಇಡೀ ಗಲ್ಲಿಗೆ ಹಂಚಿದರು. ನನ್ನ ಬಾಯಿಗೆ ತಾವೇ ಪೇಢೆ ಹಾಕಿ, ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.

ಆದರೆ ವ್ಯಾಪಾರಿಯ ಜೀವ ವಿಚಿತ್ರವಾದದ್ದು. ಪೇಢೆ ತಿಂದು ಬಾಯಿ ಒರೆಸಿಕೊಂಡ ಕೂಡಲೆ ಕಬ್ಬಿಣದ ಅಂಗಡಿಯವರು ತಮ್ಮ ಹಲಗೆಯನ್ನು ಮೆಲ್ಲಗೆ ಗಟಾರದ ಕಡೆ ಜರುಗಿಸತೊಡಗಿದರು. ಅದನ್ನು ನೋಡಿ ಬಳೆಯವರಿಗೂ ತಮ್ಮ ಹಲಗೆಯ ನೆನಪಾಯಿತು. ನನ್ನ ಕೈಯೂ ಸುಮ್ಮನಿರಲಿಲ್ಲ ಎಂದು ನೀಲವ್ವ ಹೇಳುತ್ತಾಳೆ; ನನಗೆ ನೆನಪಿಲ್ಲ. ಬಾಪೂರಾಯರು ಎದ್ದು ಗಲ್ಲಿಯ ನಡುವೆ ಬಂದು ನಿಂತರು. ದನಿ ಎತ್ತರಿಸಲಿಲ್ಲ.

"ನನ್ನ ಮೊಮ್ಮಗಳು ಇನ್ನೂ ಮನೀಗೆ ಬಂದಿಲ್ಲ," ಎಂದರು. "ಆಕಿ ಟಾಂಗಾ ಬಾಗಲಿಗೆ ಬರೂ ತನಕ ಇಲ್ಲೆ ಯಾರೂ ಹಲಗಿ ಇಡೂದಿಲ್ಲ."

ಕಬ್ಬಿಣದವರು ಹಲಗೆಯನ್ನು ಗೋಡೆಗೆ ಒರಗಿಸಿದರು. ಮರುದಿನವೇ ಭಟ್ಟರೂ ನಾನೂ ಮುನಸಿಪಾಲಿಟಿಗೆ ಓಡಿದೆವು. ಗಟಾರ ಕಣ್ಣಿಗೆ ಕಾಣುತ್ತಿದೆ, ಮತ್ತೆ ಮಾಯವಾಗುವ ಮೊದಲು ಬನ್ನಿ ಎಂದು ಮೇಲ್ವಿಚಾರಕರನ್ನು ಬೇಡಿಕೊಂಡೆವು. ಮಾತಿಗೆ ತಪ್ಪುವವರಲ್ಲ ಅವರು, ಜನ ಕಳಿಸಿದರು. ಗಟಾರ ಬಳಿದಾಗ ಹೊರಬಿದ್ದ ವಸ್ತುಗಳ ವಿಷಯ ಬೇಡ. ಭಟ್ಟರ ಹೋಟೆಲಿನವರು ಕದ್ದರೆಂದು ಬಾಪೂರಾಯರು ಎಷ್ಟೋ ದಿನ ಹೇಳಿಕೊಂಡು ತಿರುಗಿದ್ದ ತಂಬಿಗೆ ಅದರಲ್ಲಿ ಸಿಕ್ಕಿತು ಎಂದಷ್ಟೇ ಹೇಳುತ್ತೇನೆ. ಶಹಾಬಾದಿ ಕಲ್ಲಿನ ಮುಚ್ಚಿಗೆ ಬಂತು, ದಾರಿಗೆ ಮುರುಮು ಬಿತ್ತು, ದೀಪದ ಕಂಬ ನಿಂತಿತು. ಬಾಣಂತಿಯೂ ಕೂಸೂ ಟಾಂಗಾದಲ್ಲಿ ಬಂದು ಬಾಗಿಲಲ್ಲೇ ಇಳಿದ ದಿನ, ಗಲ್ಲಿಯ ಹೆಂಗಸರೆಲ್ಲ ಆರತಿ ಹಿಡಿದು ನಿಂತಿದ್ದರು. ನಾನು ನನ್ನ ಅಂಗಡಿಯ ಉತ್ತಮ ಖಣವನ್ನು ಬಾಣಂತಿಯ ಉಡಿಗೆ ಕಳಿಸಿದೆ. ಬಾಪೂರಾಯರ ಮಾತಿನ ಪ್ರಕಾರ ಆ ಸಂಜೆಯಿಂದ ಹಲಗೆ ಇಡಲು ಯಾವ ಅಡ್ಡಿಯೂ ಇರಲಿಲ್ಲ. ಯಾರೂ ಇಡಲಿಲ್ಲ. ಅಷ್ಟರಲ್ಲಿ ಗಿರಾಕಿಗಳು ಬರತೊಡಗಿದ್ದರು.

ಅವರು ಬಂದ ಬಗೆಯನ್ನು ಏನು ಹೇಳಲಿ! ಅತ್ತಿಗೆ ನಾದಿನಿಯರು ಮತ್ತೆ ಜೋಡಿಯಾಗಿ, ಭುಜಕ್ಕೆ ಭುಜ ತಾಗಿಸಿ, ಜಗಳಾಡುತ್ತ ನಡೆದು ಬಂದರು. ಮಂಡಳಿಗೂ ಹುರುಪು ಹತ್ತಿತು. ಎರಡೂ ಸಾಲಿಗೆ ಒಂದೇ ಬಗೆಯ ಸುಣ್ಣ ಬಳಿಸಿದೆವು. ತಗಡಿನ ಚಪ್ಪರಗಳನ್ನೆಲ್ಲ ಯಾರ ತಲೆಗೂ ತಾಗದಂತೆ ಒಂದೇ ಎತ್ತರಕ್ಕೆ ಏರಿಸಿದೆವು. ಸರದಿಯ ಮೇಲೆ ಒಬ್ಬೊಬ್ಬರು ಬೆಳಿಗ್ಗೆ ಗಲ್ಲಿಗೆಲ್ಲ ನೀರು ಚಿಮುಕಿಸುವುದೆಂದು ನಿಶ್ಚಯಿಸಿದೆವು. ಅಧ್ಯಕ್ಷರು ತಮ್ಮ ಸರದಿಯ ದಿನ ಅಂಗಡಿಯ ಹೊಚ್ಚಹೊಸ ತಾಮ್ರದ ಕೊಡದಲ್ಲೇ ಚಿಮುಕಿಸಿ, ಅದನ್ನು ದಾರಿಹೋಕರಿಗೆ ಮಾರಿಯೂ ಬಿಡುತ್ತಿದ್ದರು. ಹೆಂಗಸರು ಸೀರೆ ಆರಿಸುವ ತನಕ ಹಿಂದೆ ನಿಂತು ನಿಟ್ಟುಸಿರುಬಿಡುವ ಗಂಡಂದಿರನ್ನು ಭಟ್ಟರ ಹೋಟೆಲಿಗೆ ಕಳಿಸುವ ಏರ್ಪಾಡು ನನ್ನದು. ಇದರಿಂದ ಭಟ್ಟರಿಗೆ ವ್ಯಾಪಾರ, ನನಗೆ ಶಾಂತಿ. ಜೇಜುರಿಯ ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ, ದರ್ಶನ ಮಾಡಿಕೊಂಡು ಬರುವ ನಮ್ಮ ಕಡೆಯ ಭಕ್ತರು, ಊರಿಗೆ ಮರಳುವ ಮೊದಲು ಪುಣೆ ನೋಡಲು ಬಂದವರು, ಚಿಂಚ ಗಲ್ಲಿಯಲ್ಲಿ ಕನ್ನಡ ಕೇಳಿಸುತ್ತದಂತೆ ಎಂದು ಹುಡುಕಿಕೊಂಡು ಬರತೊಡಗಿದರು. ಅವರ ಕೈಗೆ ಮೆತ್ತಿದ ಭಂಡಾರದ ಅರಿಶಿನ ನನ್ನ ಸೀರೆಗಳಿಗೆಲ್ಲ ಮೆತ್ತುತ್ತಿತ್ತು. ನಾನು ತಲೆ ಮೇಲೆ ಕೈ ಹೊತ್ತರೆ, ನೀಲವ್ವ ಅದು ಮೈಲಾರಲಿಂಗನ ಪ್ರಸಾದವೆಂದು ಹೇಳಿ ಅದೇ ಸೀರೆಗಳನ್ನು ಮೊದಲು ಮಾರಿದಳು.

ದೀಪಾವಳಿಗೆ ಮಾವನವರು ಧಾರವಾಡದಿಂದ ಬಂದರು. ನನ್ನನ್ನು ಕರೆದೊಯ್ಯಲೆಂದೇ ಬಂದದ್ದು. ಟಾಂಗಾ ಅವರನ್ನು ಸೀದಾ ಅಂಗಡಿಯ ಬಾಗಿಲಿಗೆ ತಂದು ಇಳಿಸಿತು. ಆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ, ಹೆಂಗಸರ ಗುಂಪು. ನನ್ನನ್ನು ನಾಲ್ಕು ಸಲ ಕೂಗಿದರಂತೆ, ನನಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡುತ್ತೇನೆ, ಮಾವನವರು ರುಮಾಲು ತೆಗೆದಿಟ್ಟು ಮೂಲೆಯಲ್ಲಿ ಕೂತು ಸೀರೆ ಮಡಚುತ್ತಿದ್ದಾರೆ. ಅಂಚು ಸರಿ ಕೂಡಿಲ್ಲವೆಂದು ನೀಲವ್ವ ತಂದೆಗೆ ಹೇಳುತ್ತಿದ್ದಾಳೆ. ಅವರು ಮರುಮಾತಿಲ್ಲದೆ ಬಿಚ್ಚಿ ಮತ್ತೆ ಮಡಚುತ್ತಿದ್ದಾರೆ. ಊರಿಗೆ ಹೊರಡುವಾಗ ಗಲ್ಲಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅಳಿಯಂದ್ರ, ನೀವು ಇಲ್ಲೇ ಇರ್ರಿ," ಎಂದರು. ಅವರು ಅರ್ಧಕ್ಕೆ ನಿಲ್ಲಿಸಿದ ಮಾತು ನಾನು ಕೇಳಿದ್ದು ಅದೊಂದೇ. ಮುಂದೆ ಏನೋ ಹೇಳುವವರಿದ್ದರು, ರುಮಾಲು ಸರಿಮಾಡಿಕೊಂಡು ಟಾಂಗಾ ಹತ್ತಿಬಿಟ್ಟರು.

ಗಲ್ಲಿಯ ಕೀರ್ತಿ ಹಬ್ಬಿತು. ಅದನ್ನು ಕೇಳಿ ಸೋಲಾಪುರದ ಒಬ್ಬ ಜವಳಿ ವ್ಯಾಪಾರಿ ಬಂದು, ಬಾಪೂರಾಯರ ಪಕ್ಕದ ಮಳಿಗೆ ಹಿಡಿದು, ಗಾಜಿನ ಕಪಾಟುಗಳನ್ನಿಟ್ಟು, ನನ್ನದಕ್ಕಿಂತ ಎರಡು ಪಟ್ಟು ದೊಡ್ಡ ಸೀರೆಯ ಅಂಗಡಿ ತೆರೆದ. ಹೊಸ ಸದಸ್ಯರನ್ನು ಸ್ವಾಗತಿಸುವುದು ಕಾರ್ಯದರ್ಶಿಯ ಧರ್ಮ. ನಾನೇ ಹಾರ ಹಾಕಿ ಭಾಷಣ ಮಾಡಿದೆ. ಗಲ್ಲಿಯವರು ಗಲ್ಲಿಯಲ್ಲೇ ಕೊಳ್ಳಬೇಕು ಎಂದು ಬಹಳ ಒತ್ತಿ ಹೇಳಿದೆ. ಚಪ್ಪಾಳೆ ಬಿತ್ತು. ಮಂಡಳಿಯ ವಾರ್ಷಿಕ ಸಮಾರಂಭದ ದಿನ ನೀಲವ್ವ ನವಿಲುಗರಿ ಬಣ್ಣದ ಒಂದು ಸೀರೆ ಉಟ್ಟು ಬಂದಳು. ಅಷ್ಟು ಚೆಂದದ ಸೀರೆ ನನ್ನ ಅಂಗಡಿಯಲ್ಲಿ ಇರಲಿಲ್ಲ. ಎಲ್ಲಿಯದೆಂದು ಮೆಲ್ಲಗೆ ಕೇಳಿದೆ. ನಮ್ಮ ಗಲ್ಲೀದ ಅದರೀ, ನೀವ ಹೇಳಿದ್ರಲ್ಲಾ ಎಂದಳು. ಅಷ್ಟರಲ್ಲಿ ಬಾಪೂರಾಯರು ಎದ್ದುನಿಂತು, ನಮ್ಮ ಕಾರ್ಯದರ್ಶಿಗಳ ಅಂಗಡಿಯ ಮಾಲು ಎಂಥದೆಂದು ಅವರ ಮನೆಯವರನ್ನು ನೋಡಿದರೇ ತಿಳಿಯುತ್ತದೆ ಎಂದು ತುಂಬಿದ ಸಭೆಗೆ ಸಾರಿದರು. ನಾನು ವಿನಯದಿಂದ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಹೆಂಗಸರು ನೆರೆದಿದ್ದರು. ಎಲ್ಲರಿಗೂ ನೀಲವ್ವ ಉಟ್ಟಂಥ ಸೀರೆಯೇ ಬೇಕಾಗಿತ್ತು. ನಾನು ಎದುರು ಸಾಲಿನ ಸೋಲಾಪುರದವನ ಅಂಗಡಿಗೆ ಕೈ ತೋರಿಸಿದೆ. ನಡುವೆ ಹಲಗೆಯಿಲ್ಲ, ಕೊಳಚೆಯಿಲ್ಲ, ದಾರಿ ಅಗಲವಾಗಿ ಸ್ವಚ್ಛವಾಗಿತ್ತು. ಅಲ್ಲಿಗೆ ದಾಟಿ ಹೋಗಲು ಅವರಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ.